ಹಳೆ ಲಾರಿಗೆ ಎರಡು ಹೆಚ್ಚುವರಿ ಡೀಸೆಲ್ ಫಿಲ್ಟರ್ ಕೂರಿಸಿದ್ದು

ನಮ್ಮದು ಟಾಟಾ 1613. ಇಪ್ಪತ್ತು ವರ್ಷ ದಾಟಿದ ಗಾಡಿ. ಅಪ್ಪ ತೆಗೆದುಕೊಂಡಿದ್ದು, ಈಗ ನಾನು ಓಡಿಸುತ್ತೇನೆ. ಕುಮಟಾ, ಹೊನ್ನಾವರ ಕಡೆಯ ಕ್ವಾರಿಗಳಲ್ಲಿ ಚಿರೇಕಲ್ಲು ತುಂಬಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿ, ಸಿದ್ದಾಪುರ ಕಡೆ ಇಳಿಸುವುದು ಮುಖ್ಯ ಕೆಲಸ. ಕೆಲವೊಮ್ಮೆ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿಗೂ ಹೋಗುತ್ತೇವೆ. ಯಾವ ದಾರಿ ಹಿಡಿದರೂ ಲೋಡ್ ಗಾಡಿ ಮೇಲಕ್ಕೆ ಹತ್ತಲೇಬೇಕು. ಘಟ್ಟದಲ್ಲಿ ಎಂಜಿನ್ ಡೀಸೆಲ್ ಜಾಸ್ತಿ ಬೇಡುತ್ತದೆ. ಡೀಸೆಲ್ ದಾರಿಯಲ್ಲಿ ಎಲ್ಲಾದರೂ ಕಸ ಕಟ್ಟಿಕೊಂಡಿದ್ದರೆ ಅದು ಗೊತ್ತಾಗುವುದು ಅಲ್ಲೇ.

ಗೊತ್ತಾಗಿದ್ದೂ ಅಲ್ಲೇ. ಮಳೆಗಾಲ ಶುರುವಾಗಿ ಸ್ವಲ್ಪ ದಿನಕ್ಕೆ ದೇವಿಮನೆಯ ತಿರುವುಗಳಲ್ಲಿ ಗಾಡಿ ಎಳೆಯುವುದನ್ನು ಬಿಟ್ಟಿತು. ಹೊಗೆ ಇಲ್ಲ, ಸದ್ದಿನಲ್ಲಿ ವ್ಯತ್ಯಾಸ ಇಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. ಬದಿಗೆ ನಿಲ್ಲಿಸಿ ಐದು ನಿಮಿಷ ಬಿಟ್ಟರೆ ಮತ್ತೆ ಸ್ವಲ್ಪ ದೂರ ಹೋಗುತ್ತಿತ್ತು. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಝಲ್ ಕೆಟ್ಟಿದೆ ಅನ್ನಬಹುದು. ಹೊಗೆಯೇ ಇಲ್ಲದೆ ಎಳೆತ ಹೋದರೆ ಎಂಜಿನ್‌ಗೆ ಡೀಸೆಲ್ಲೇ ತಲುಪುತ್ತಿಲ್ಲ ಅನ್ನುವ ಸಂಶಯ ಮೊದಲು ಬರಬೇಕು. ಫಿಲ್ಟರ್ ಬಿಚ್ಚಿದರೆ ಒಳಗಿನ ಸೋಸುವ ಭಾಗ, ಅಂದರೆ ಬಟ್ಟೆಯ ಎಲೆಮೆಂಟ್ ಮೇಲೆ ಕಂದು ಬಣ್ಣದ ಲೋಳೆ, ಬಟ್ಟಲಿನ ತಳದಲ್ಲಿ ನೀರು. ಹೊಸದು ಹಾಕಿದೆವು. ತಿಂಗಳು ತುಂಬುವುದರೊಳಗೆ ಮತ್ತೆ ಅದೇ ಕಥೆ.

ಈ ಗಾಡಿಯ ಡೀಸೆಲ್ ದಾರಿ ಹೀಗಿದೆ. ಟ್ಯಾಂಕಿನಿಂದ ಪೈಪ್ ಬಂದು ಫೀಡ್ ಪಂಪಿಗೆ ಸೇರುತ್ತದೆ. ಫೀಡ್ ಪಂಪ್ ಎಂಜಿನ್ ಬದಿಯ ದೊಡ್ಡ ಪಂಪಿಗೆ ಅಂಟಿಕೊಂಡೇ ಇದೆ, ಬುಡದಲ್ಲಿ ಸಣ್ಣ ಜರಡಿ, ತಲೆ ಮೇಲೆ ಕೈಯಲ್ಲಿ ಒತ್ತುವ ಪ್ರೈಮರ್. ಅದು ಟ್ಯಾಂಕಿನಿಂದ ಎಳೆದು ಜೋಡಿ ಫಿಲ್ಟರ್‌ಗೆ ದೂಡುತ್ತದೆ. ಜೋಡಿಯಲ್ಲಿ ಮೊದಲನೆಯದು ಬಟ್ಟೆಯದು, ಎರಡನೆಯದು ಕಾಗದದ್ದು. ಅಲ್ಲಿಂದ ಆ ದೊಡ್ಡ ಪಂಪ್, ಅದಕ್ಕೇ ಇನ್‌ಲೈನ್ ಪಂಪ್ ಅನ್ನುವುದು, ಆಮೇಲೆ ಆರು ನಾಝಲ್. ಪಂಪ್ ಮಾಡಿದ ಬೆಂಗಳೂರಿನ ಮೈಕೋ ಕಂಪನಿಯ ಹೆಸರು 2008ರಲ್ಲೇ ಬಾಷ್ ಎಂದು ಬದಲಾಯಿತು. ನಮ್ಮ ಕಡೆ ಗ್ಯಾರೇಜುಗಳಲ್ಲಿ ಅದಕ್ಕೆ ಇವತ್ತಿಗೂ ಮೈಕೋ ಪಂಪ್ ಎಂದೇ ಹೆಸರು.

ಈ ವ್ಯವಸ್ಥೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಇಷ್ಟು ವರ್ಷ ಇದೇ ಗಾಡಿ ನಮ್ಮ ಮನೆ ನಡೆಸಿದೆ. ಆದರೆ ಬಟ್ಟೆ ಮತ್ತು ಕಾಗದ ಎರಡೂ ಇರುವುದು ಫೀಡ್ ಪಂಪಿನ ಆಚೆಗೆ. ನೀರು ಅಲ್ಲಿಗೆ ಬರುವ ಹೊತ್ತಿಗೆ ಫೀಡ್ ಪಂಪ್ ಅದನ್ನು ಡೀಸೆಲ್ ಜೊತೆ ಕಲಕಿ ಸಣ್ಣ ಹನಿ ಮಾಡಿರುತ್ತದೆ. ದೊಡ್ಡ ಹನಿ ಸುಲಭವಾಗಿ ತಳಕ್ಕೆ ಇಳಿಯುತ್ತದೆ. ಲೀಟರ್ ಡೀಸೆಲ್ ತೂಗುವುದು ಸುಮಾರು 830 ಗ್ರಾಂ, ಲೀಟರ್ ನೀರು ಒಂದು ಕೆಜಿ. ಹನಿ ಸಣ್ಣದಾದಷ್ಟೂ ಅದು ಡೀಸೆಲ್ ಜೊತೆಗೇ ತೇಲಿಕೊಂಡು ಮುಂದೆ ಹೋಗುತ್ತದೆ. ನೀರನ್ನು ಹಿಡಿಯುವುದಿದ್ದರೆ ಫೀಡ್ ಪಂಪಿಗಿಂತ ಮೊದಲೇ ಹಿಡಿಯಬೇಕು. ನಾನು ಮಾಡಿದ ಕೆಲಸವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ನೀರು ಎಲ್ಲಿಂದ ಬರುತ್ತದೆ? ಕರಾವಳಿಯಲ್ಲಿ ಇರುವವರಿಗೆ ಈ ಪ್ರಶ್ನೆಗೆ ಉತ್ತರ ಸುಲಭ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಗೋಡೆಯೇ ಬೆವರುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗೆ ಇರುವ ಗಾಳಿಯಲ್ಲಿ ತೇವ ತುಂಬಿರುತ್ತದೆ. ರಾತ್ರಿ ತಗಡು ತಣ್ಣಗಾದಾಗ ಅದು ಒಳಗಡೆ ಹನಿಗಟ್ಟಿ ಇಳಿಯುತ್ತದೆ. ಟ್ಯಾಂಕ್ ಮುಚ್ಚಳದ ರಬ್ಬರ್ ಹಳೆಯದಾಗಿದ್ದರೆ ಮೇಲಿನ ಮಳೆ ನೀರೂ ನೇರ ಒಳಗೆ. ಇನ್ನೊಂದು ದಾರಿ ಬ್ಯಾರಲ್. ಕ್ವಾರಿಯಲ್ಲಿ ಯಂತ್ರಗಳಿಗೆ ತಂದಿಟ್ಟ ಬ್ಯಾರಲ್‌ನಿಂದ ನಾವೂ ಅಗತ್ಯ ಬಿದ್ದಾಗ ಡೀಸೆಲ್ ತೆಗೆದುಕೊಂಡಿದ್ದುಂಟು. ಬ್ಯಾರಲ್ ನೆಟ್ಟಗೆ ಮಳೆಯಲ್ಲಿ ನಿಂತಿದ್ದರೆ ತಲೆಯ ಮೇಲೆ ನೀರು ಕಟ್ಟುತ್ತದೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ತಂಪಾದಾಗ ಬ್ಯಾರಲ್ ಉಸಿರು ಒಳಗೆಳೆದುಕೊಳ್ಳುತ್ತದೆ. ಮುಚ್ಚಳದ ಎಳೆ ಸ್ವಲ್ಪ ಸಡಿಲ ಇದ್ದರೂ ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ. ಬ್ಯಾರಲ್ ಅಡ್ಡ ಮಲಗಿಸಿ ಇಡಬೇಕು, ಇಲ್ಲಾ ಮೇಲೊಂದು ತಗಡು ಮುಚ್ಚಬೇಕು. ಈಗ ನಾನು ಹೋದ ಕ್ವಾರಿಯಲ್ಲೆಲ್ಲ ಇದನ್ನು ಹೇಳಿಯೇ ಬರುತ್ತೇನೆ.

ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ನಮ್ಮ ಬಟ್ಟೆ ಫಿಲ್ಟರ್ ಮೇಲೆ ಅಂಟಿದ್ದ ಲೋಳೆಯಲ್ಲಿ ಅದೂ ಇತ್ತು, ಟ್ಯಾಂಕಿನ ತುಕ್ಕೂ ಇತ್ತು, ಕ್ವಾರಿಯ ಕೆಂಪು ಧೂಳೂ ಇತ್ತು.

ಅಂಕೋಲಾ ಕಡೆಯ ಒಬ್ಬ ಪಂಪ್ ಮೇಸ್ತ್ರಿ ನಮಗೆ ಅಪ್ಪನ ಕಾಲದಿಂದ ಪರಿಚಯ. ಅವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಮಾತಾಡದೆ ಒಂದು ಡಬ್ಬಿ ತಂದು ಮುಂದಿಟ್ಟರು. ಬೇರೆ ಗಾಡಿಗಳಿಂದ ತೆಗೆದ ಪಂಪಿನ ಪ್ಲಂಜರ್‌ಗಳು, ಅಂದರೆ ಪಂಪಿನೊಳಗೆ ಡೀಸೆಲ್ ಒತ್ತುವ ಉಕ್ಕಿನ ಕಡ್ಡಿಗಳು. ಒಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಕನ್ನಡಿಯಂತಿರಬೇಕಾದ ಉಕ್ಕಿನ ಮೇಲೆ ಸೂಜಿ ಚುಚ್ಚಿದ ಹಾಗೆ ಕಪ್ಪು ಚುಕ್ಕೆಗಳು.

"ಇದು ನೀರಿನ ಕೆಲಸ ತಮ್ಮಾ. ಕಸ ಗೆರೆ ಎಳೀತದೆ, ನೀರು ಚುಕ್ಕೆ ಇಡ್ತದೆ. ಎರಡರಲ್ಲಿ ಯಾವುದು ಬಂದ್ರೂ ಪಂಪ್ ಬಿಚ್ಚಲೇಬೇಕು."

ಪ್ಲಂಜರ್‌ಗೂ ಅದು ಓಡಾಡುವ ಕೊಳವೆಗೂ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್ ಅಷ್ಟೇ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಕೂದಲಿನ ದಪ್ಪ 70 ಮೈಕ್ರಾನ್ ಆಸುಪಾಸು ಇರುತ್ತದೆ. ಆ ಸಂದಿಗೆ ಎಣ್ಣೆ ಕೊಡುವವರು ಬೇರೆ ಯಾರೂ ಇಲ್ಲ, ಡೀಸೆಲ್ಲೇ ಎಣ್ಣೆ. ಡೀಸೆಲ್ ಇರಬೇಕಾದ ಜಾಗದಲ್ಲಿ ನೀರು ನಿಂತರೆ ಉಕ್ಕಿಗೆ ಉಕ್ಕು ತಾಗುತ್ತದೆ. ಗಾಡಿ ನಿಲ್ಲಿಸಿದ ರಾತ್ರಿ ಅಲ್ಲೇ ತುಕ್ಕೂ ಹಿಡಿಯುತ್ತದೆ. ಆರು ಪ್ಲಂಜರ್, ಆರು ನಾಝಲ್ ಬದಲಿಸಿ ಕ್ಯಾಲಿಬ್ರೇಶನ್ ಮಾಡಿಸುವುದೆಂದರೆ ಹತ್ತಾರು ಸಾವಿರದ ಮಾತು. ಒಂದು ಫಿಲ್ಟರ್‌ನ ಬೆಲೆ ಅದರ ಮುಂದೆ ಏನೂ ಅಲ್ಲ.

ಫಿಲ್ಟರ್ ಕೂರಿಸುವ ಮೊದಲು ಟ್ಯಾಂಕ್ ಇಳಿಸಲೇಬೇಕು ಅನ್ನುವುದು ಮೇಸ್ತ್ರಿಯ ಶರತ್ತು. ನನಗೂ ಸರಿ ಅನ್ನಿಸಿತು. ತಳದಲ್ಲಿ ಕೆಸರು ಇಟ್ಟುಕೊಂಡು ಮೇಲೆ ಎಂಥ ಒಳ್ಳೆ ಫಿಲ್ಟರ್ ಹಾಕಿದರೂ ಅದು ಕೆಸರು ತುಂಬುವ ಚೀಲವೇ ಆಗುತ್ತದೆ. ಡೀಸೆಲ್ ಪೂರ್ತಿ ಇಳಿಸಿದೆವು. ಗೇಜಿನ ಫ್ಲೋಟ್ ಮತ್ತು ಎಳೆಯುವ ಪೈಪ್ ಹೊರತೆಗೆದೆವು. ಒಳಗೆ ಸ್ವಲ್ಪ ಡೀಸೆಲ್ ಮತ್ತು ಸಣ್ಣ ಕಬ್ಬಿಣದ ಸರಪಳಿ ಹಾಕಿ ನಾನೂ ಕ್ಲೀನರ್ ಹುಡುಗನೂ ಎರಡು ಬದಿ ಹಿಡಿದು ಕುಲುಕಿದೆವು. ಬಂದದ್ದು ಕೆಂಪು ಕಪ್ಪು ಕೆಸರು. ತೆಗೆಯುವುದು, ಹಾಕುವುದು, ಕುಲುಕುವುದು. ತಿಳಿ ಡೀಸೆಲ್ ಬರುವ ತನಕ ಬಿಡಲಿಲ್ಲ. ಒಂದು ಮೂಲೆಯಲ್ಲಿ ತಗಡು ತೆಳುವಾದ ಹಾಗೆ ಕಂಡಿತು. ವೆಲ್ಡಿಂಗ್ ಹಿಡಿಯುವ ಯೋಚನೆಯನ್ನು ಮೇಸ್ತ್ರಿ ಅಲ್ಲೇ ತಡೆದರು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗಿನ ಆವಿಗೆ ಕಿಡಿ ತಾಗಿದರೆ ಟ್ಯಾಂಕ್ ಸಿಡಿಯುತ್ತದೆ. ಅಂಥ ಕೆಲಸವನ್ನು ಆವಿ ಪೂರ್ತಿ ತೆಗೆಯುವ ವ್ಯವಸ್ಥೆ ಇರುವವರೇ ಮಾಡಬೇಕು. ತೆಳುವಾಗಿದ್ದ ಜಾಗ ಸೋರುತ್ತಿರಲಿಲ್ಲ, ಹಾಗೇ ಬಿಟ್ಟೆವು. ಮುಚ್ಚಳಕ್ಕೆ ಹೊಸ ರಬ್ಬರ್ ಹಾಕಿದೆವು.

ಇನ್ನು ಯಾವ ಫಿಲ್ಟರ್ ಅನ್ನುವ ಪ್ರಶ್ನೆ. ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಗಳಲ್ಲಿ ಮೊದಲು ತೋರಿಸಿದ್ದು ಪಾರದರ್ಶಕ ಪ್ಲಾಸ್ಟಿಕ್‌ನ ಸಣ್ಣ ಫಿಲ್ಟರ್. ಪೈಪ್ ಕತ್ತರಿಸಿ ನಡುವೆ ತುರುಕಿದರೆ ಆಯಿತು. ಬೆಲೆಯೂ ಕಡಿಮೆ. ಅದು ಸ್ಕೂಟರ್, ಕಾರಿಗೆ ಆದೀತು. ಈ ಎಂಜಿನ್ ಪೂರ್ತಿ ತಾಕತ್ತಿನಲ್ಲಿ ಘಟ್ಟ ಹತ್ತುವಾಗ ಗಂಟೆಗೆ ಸುಮಾರು 25 ಲೀಟರ್ ಸುಡಬಹುದು. ಫೀಡ್ ಪಂಪ್ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ, ಉಳಿದದ್ದು ಓವರ್‌ಫ್ಲೋ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಫಿಲ್ಟರ್ ಮೂಲಕ ಹಾಯುವುದು ಸುಡುವ ಡೀಸೆಲ್ ಮಾತ್ರ ಅಲ್ಲ, ಎಳೆಯುವ ಡೀಸೆಲ್ ಪೂರ್ತಿ. ಹಾಗಾಗಿ ಸುಡುವ ಲೆಕ್ಕ ನೋಡಿ ಫಿಲ್ಟರ್ ಕೊಳ್ಳಬಾರದು. ಆ ಪ್ಲಾಸ್ಟಿಕ್ ಫಿಲ್ಟರ್‌ನಲ್ಲಿ ನೀರು ನಿಲ್ಲುವುದಕ್ಕೆ ಜಾಗವೂ ಇಲ್ಲ.

ಆಗ ನೆನಪಾದದ್ದು ಬೋಟು. ನೀರಿನ ಮೇಲೇ ಓಡುವ ಎಂಜಿನ್‌ಗಳು ಡೀಸೆಲ್‌ನ ನೀರನ್ನು ಹೇಗೆ ತಡೆಯುತ್ತವೆ ಅಂತ ನೋಡದೆ ನಾನು ಬೇರೆಲ್ಲಿ ಕೇಳಲಿ? ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ತದಡಿ ಬಂದರಿನಲ್ಲಿ ಬೋಟುಗಳೆಲ್ಲ ಸಾಲಾಗಿ ಕಟ್ಟಿರುತ್ತವೆ, ಎಂಜಿನ್ ಕೆಲಸದವರಿಗೆ ಅದೇ ರಿಪೇರಿ ಸಮಯ. ಪರಿಚಯದ ಒಬ್ಬ ಬೋಟ್ ಮೆಕ್ಯಾನಿಕ್ ಅಣ್ಣ ನನ್ನನ್ನು ಎಂಜಿನ್ ಕೋಣೆಗೆ ಇಳಿಸಿ ತೋರಿಸಿದರು. ಗೋಡೆಗೆ ಕೂರಿಸಿದ ದೊಡ್ಡ ಫಿಲ್ಟರ್, ಕೆಳಗೆ ಗಾಜಿನಂಥ ಬಟ್ಟಲು, ಬಟ್ಟಲಿನ ಬುಡದಲ್ಲಿ ನಲ್ಲಿ. ಡೀಸೆಲ್ ಒಳಗೆ ಬಂದ ಕೂಡಲೇ ಸುತ್ತು ಹೊಡೆಯುವ ಹಾಗೆ ಅದರ ರಚನೆ. ಸುತ್ತುವಾಗ ಭಾರದ ನೀರು ಮತ್ತು ದಪ್ಪ ಕಸ ಹೊರಗೋಡೆಗೆ ತಾಗಿ ಕೆಳಗೆ ಇಳಿಯುತ್ತವೆ. ಉಳಿದ ಸಣ್ಣ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ ಬೀಳುತ್ತವೆ. ಆಮೇಲೆ ಮಾತ್ರ ಡೀಸೆಲ್ ಎಲೆಮೆಂಟ್ ಒಳಗೆ ಹೋಗುವುದು. ರೇಕರ್ ಕಂಪನಿಯ ಈ ನಮೂನೆಯವುಗಳಲ್ಲಿ ಎಲೆಮೆಂಟ್‌ನ ರಂಧ್ರದ ಅಳತೆಗೆ ಬಣ್ಣದ ಗುರುತಿದೆ: ಕೆಂಪು ಅಂದರೆ 30 ಮೈಕ್ರಾನ್, ನೀಲಿ 10, ಕಂದು 2.

"ನೀನು ಯಾವುದು ಹಾಕ್ತೆ?" ಅಂತ ಕೇಳಿದರು.

"2ರದ್ದು ಹಾಕಿದ್ರೆ ಎಲ್ಲಾ ಕಸನೂ ಅಲ್ಲೇ ನಿಲ್ತದಲ್ಲ ಅಣ್ಣಾ?"

"ನಿಲ್ತದೆ. ಅದ್ರ ಜೊತೆ ನಿನ್ನ ಗಾಡಿನೂ ನಿಲ್ತದೆ ಮಾರಾಯಾ. ಎಳೆಯೋ ಬದಿಗೆ ಸಪೂರದ್ದು ಹಾಕೂದಲ್ಲ. ಅಲ್ಲಿ 30 ಸಾಕು. ನೀರು ಹಿಡಿಯೂದೇ ಅಲ್ಲಿಯ ಕೆಲಸ. ಸಪೂರದ್ದು ಬೇಕಾದ್ರೆ ದೂಡೋ ಬದಿಗೆ ಹಾಕು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಳೆ ಗಾಡಿಗೆ ಫಿಲ್ಟರ್ ಸೇರಿಸುವವರಲ್ಲಿ ಬಹಳ ಜನ ಕೇಳುವುದು ಎಷ್ಟು ಮೈಕ್ರಾನ್ ಅಂತ ಮಾತ್ರ. ಎಲ್ಲಿ ಅಂತ ಕೇಳುವುದಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನ ತನಕದ ದಾರಿ ಎಳೆಯುವ ಬದಿ. ಅಲ್ಲಿ ಡೀಸೆಲ್ ಅನ್ನು ಮುಂದೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ, ಅದಕ್ಕಿಂತ ಜಾಸ್ತಿ ಬಲ ಅಲ್ಲಿ ಎಲ್ಲಿಂದಲೂ ಬರುವುದಿಲ್ಲ. ಸಣ್ಣ ರಂಧ್ರದ ಎಲೆಮೆಂಟ್ ಸ್ವಲ್ಪ ಕಟ್ಟಿಕೊಂಡರೂ ಪಂಪ್ ಎಳೆದೆಳೆದು ಸೋಲುತ್ತದೆ, ಡೀಸೆಲ್ ಒಳಗೆ ಗುಳ್ಳೆ ಏಳುತ್ತದೆ, ಘಟ್ಟದಲ್ಲಿ ಮತ್ತೆ ಅದೇ ಹಳೆ ತೊಂದರೆ. ಫೀಡ್ ಪಂಪ್ ದಾಟಿದ ಮೇಲೆ ದೂಡುವ ಬದಿ. ಅಲ್ಲಿ ಪಂಪಿನ ಒತ್ತಡ ಹಿಂದೆ ಇರುತ್ತದೆ, ಸಪೂರ ಫಿಲ್ಟರ್ ಆದರೂ ಡೀಸೆಲ್ ಹಾಯುತ್ತದೆ. ಎಳೆಯುವ ಬದಿಯಲ್ಲಿ ಜೋಡಣೆ ಸಡಿಲವಾದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ದೂಡುವ ಬದಿಯಲ್ಲಿ ಸಡಿಲವಾದರೆ ಹೊರಗೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಈ ವ್ಯತ್ಯಾಸ ಮುಂದೆ ನಮಗೆ ಕೆಲಸಕ್ಕೆ ಬಂತು.

ಬೋಟಿನ ಫಿಲ್ಟರನ್ನೇ ಹಾಕಬೇಕೆಂದು ಆಸೆ ಇತ್ತು. ವಸ್ತು ಚೆನ್ನಾಗಿದೆ, ಗಂಟೆಗೆ 227 ಲೀಟರ್ ಹಾಯುವ ಸಣ್ಣ ಮಾದರಿಯೇ ನಮಗೆ ಧಾರಾಳ ಸಾಕಾಗುತ್ತಿತ್ತು. ಬಿಟ್ಟದ್ದು ಎಲೆಮೆಂಟ್‌ಗಾಗಿ. ನಮ್ಮ ಗಾಡಿ ಯಲ್ಲಾಪುರದಲ್ಲಿ ನಿಂತರೆ ಯಲ್ಲಾಪುರದಲ್ಲೇ ಫಿಲ್ಟರ್ ಸಿಗಬೇಕು. ಈಚಿನ ಲಾರಿಗಳಿಗೆ ಕಂಪನಿಯಿಂದಲೇ ಬರುವ ನೀರು ಬೇರ್ಪಡಿಸುವ ಫಿಲ್ಟರ್ ಇದೆ. ಮೇಲೆ ಅಲ್ಯೂಮಿನಿಯಂ ತಲೆ, ಅದಕ್ಕೆ ತಿರುಗಿಸಿ ಹಾಕುವ ಡಬ್ಬಿ, ಡಬ್ಬಿಯ ಬುಡಕ್ಕೆ ಪಾರದರ್ಶಕ ಬಟ್ಟಲು ಮತ್ತು ನಲ್ಲಿ. ಲಾರಿ ಓಡುವ ಊರಲ್ಲೆಲ್ಲ ಅದರ ಡಬ್ಬಿ ಸಿಗುತ್ತದೆ. ಅದನ್ನೇ ಆರಿಸಿದೆ. ದೂಡುವ ಬದಿಗೆ ಅದೇ ಬಗೆಯ ತಲೆಯ ಮೇಲೆ ಕೂರುವ ಸಣ್ಣ ರಂಧ್ರದ ಇನ್ನೊಂದು ಡಬ್ಬಿ. ಅದರ ತಲೆಯಲ್ಲಿ ಏರ್ ತೆಗೆಯುವ ಸ್ಕ್ರೂ ಇರಲೇಬೇಕು ಎಂದು ಹುಡುಕಿ ತೆಗೆದುಕೊಂಡೆ. ಕಾರಣ ಮುಂದೆ ಬರುತ್ತದೆ. ಎರಡೂ ಪೊಟ್ಟಣದಲ್ಲಿ ಬಂದ ಅಸಲಿ ಮಾಲು. ಇಂಥ ಕಡೆ ನಕಲಿ ಡಬ್ಬಿ ಹಾಕಿದರೆ ಒಳಗಿನ ಕಾಗದ ಅಂಟು ಬಿಟ್ಟು ಡೀಸೆಲ್ ಸೋಸದೆಯೇ ಹೋಗುತ್ತದೆ, ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ನೀರಿನ ಫಿಲ್ಟರ್ ಒಂದನ್ನೇ ಕೂರಿಸಿ ಓಡಿಸಿ ನೋಡುವುದು, ಎರಡನೆಯದು ಆಮೇಲೆ ಅಂತ ಮೇಸ್ತ್ರಿ ಹೇಳಿದರು. ಎರಡೂ ಒಟ್ಟಿಗೆ ಹಾಕಿ ಏನಾದರೂ ತೊಂದರೆ ಬಂದರೆ ಯಾವುದರಿಂದ ಅಂತ ತಿಳಿಯುವುದಿಲ್ಲ.

ಜಾಗ ನೋಡುವುದಕ್ಕೇ ಅರ್ಧ ಹೊತ್ತು ಹೋಯಿತು. ಟ್ಯಾಂಕ್ ಮತ್ತು ಕ್ಯಾಬಿನ್ ನಡುವೆ ಚಾಸಿಯ ಒಳಬದಿ ಸರಿ ಕಂಡಿತು. ಸೈಲೆನ್ಸರ್ ಆಚೆ ಬದಿ ಇದೆ. ಟೈರು ಎಸೆಯುವ ಕಲ್ಲು ತಾಗುವುದಿಲ್ಲ. ಬಗ್ಗಿ ಕೈ ಹಾಕಿದರೆ ನಲ್ಲಿ ಸಿಗುತ್ತದೆ. ಕೈಗೆ ಸುಲಭವಾಗಿ ಸಿಗದ ನಲ್ಲಿಯನ್ನು ಯಾರೂ ತಿರುಗಿಸುವುದಿಲ್ಲ, ಇದು ನನ್ನ ಖಾತ್ರಿ ಅಭಿಪ್ರಾಯ. ಡಬ್ಬಿ ಬಿಚ್ಚಲು ಕೆಳಗಡೆ ಒಂದು ಗೇಣು ಜಾಗ ಬಿಟ್ಟೆವು. ಚಾಸಿಗೆ ಹೊಸ ತೂತು ಕೊರೆಯಲಿಲ್ಲ. ಚಾಸಿಯ ಮೇಲಿನ ಮತ್ತು ಕೆಳಗಿನ ಮಡಿಕೆಯೇ ಭಾರ ಹೊರುವ ಜಾಗ, ಅಲ್ಲಿ ತೂತು ಮಾಡಿದರೆ ಬಿರುಕು ಅಲ್ಲಿಂದಲೇ ಶುರು. ವೆಲ್ಡಿಂಗ್ ಕೂಡ ಹಾಗೇ. ಬದಿಯ ನೆಟ್ಟಗಿನ ತಗಡಿನಲ್ಲಿ ಕಂಪನಿಯೇ ಬಿಟ್ಟ ತೂತುಗಳು ಇದ್ದವು. ದಪ್ಪ ತಗಡಿನ ಬ್ರಾಕೆಟ್ ಮಾಡಿಸಿ ಅವಕ್ಕೇ ಬೋಲ್ಟ್ ಹಾಕಿದೆವು. ಲೋಡ್ ಗಾಡಿ ಅದುರುವಾಗ ಬ್ರಾಕೆಟ್ ತೆಳುವಾಗಿದ್ದರೆ ಫಿಲ್ಟರ್ ತೂಗಾಡಿ ಜೋಡಣೆಗಳೇ ಸಡಿಲವಾಗುತ್ತವೆ.

ಪೈಪಿಗೆ ಡೀಸೆಲ್ ತಡೆಯುವ ರಬ್ಬರ್ ಹೋಸನ್ನೇ ತಂದೆವು. ಒಳಗಿನ ತೂತು ಹಳೆ ಪೈಪಿನಷ್ಟೇ ಇರುವ ಹಾಗೆ ನೋಡಿಕೊಂಡೆವು. ನಡುವೆ ಎಲ್ಲಾದರೂ ಸಪೂರ ಆದರೆ ಫಿಲ್ಟರ್ ಎಷ್ಟು ದೊಡ್ಡದಿದ್ದರೂ ಪ್ರಯೋಜನ ಇಲ್ಲ. ತಾಮ್ರದ ಪೈಪ್ ಸಿಗುತ್ತಿತ್ತು, ಬಗ್ಗಿಸಲೂ ಸುಲಭ. ಆದರೆ ತಾಮ್ರ ಡೀಸೆಲ್ ಅನ್ನು ಬೇಗ ಹಳಸುವ ಹಾಗೆ ಮಾಡುತ್ತದೆ, ಅಂಟು ಕಟ್ಟುತ್ತದೆ. ಸತುವಿನ ಲೇಪದ ಪೈಪ್ ಕೂಡ ಬೇಡ. ಡೀಸೆಲ್ ಹಾಯುವ ಟೊಳ್ಳು ಬೋಲ್ಟ್ (ಬ್ಯಾಂಜೋ ಬೋಲ್ಟ್) ಇರುವಲ್ಲಿ ತಾಮ್ರದ ವಾಷರ್ ಸಾಕು, ಅದು ಸಣ್ಣ ವಸ್ತು. ಆದರೆ ಒಮ್ಮೆ ಒತ್ತಿದ ವಾಷರ್ ಗಟ್ಟಿಯಾಗಿರುತ್ತದೆ, ಬಿಚ್ಚಿದಾಗಲೆಲ್ಲ ಹೊಸದು ಹಾಕಬೇಕು. ನಲ್ಲಿ ಕೆಲಸದ ಬಿಳಿ ಟೇಪನ್ನು ಎಲ್ಲಿಯೂ ಸುತ್ತಲಿಲ್ಲ. ಅದರ ಎಳೆ ಹರಿದು ಒಳಗೆ ಹೋದರೆ ಪಂಪಿನ ಬಾಯಿಯಲ್ಲಿ ಕೂರುತ್ತದೆ. ಟ್ಯಾಂಕ್ ಮತ್ತು ಫಿಲ್ಟರ್ ನಡುವೆ ಒಂದು ಬಂದ್ ಮಾಡುವ ವಾಲ್ವ್ ಹಾಕಿದೆವು. ಟ್ಯಾಂಕ್ ತುಂಬಿದ್ದಾಗ ಡಬ್ಬಿ ಬಿಚ್ಚಿದರೆ ಡೀಸೆಲ್ ತಾನಾಗಿ ಹರಿದು ಬರುತ್ತದೆ, ಅದನ್ನು ನಿಲ್ಲಿಸಲು ಇದು ಬೇಕೇ ಬೇಕು.

ಎಲ್ಲ ಬಿಗಿ ಮಾಡಿ ಡಬ್ಬಿಗೆ ಡೀಸೆಲ್ ತುಂಬಿಸಿ ಏರ್ ತೆಗೆಯಲು ಕುಳಿತೆವು. ಎಳೆಯುವ ಬದಿಯ ಡಬ್ಬಿಗೆ ಕೈಯಾರೆ ತುಂಬಿಸಬಹುದು, ಮುಂದೆ ಬಟ್ಟೆ, ಕಾಗದ ಎರಡೂ ಇವೆಯಲ್ಲ. ಕ್ಲೀನರ್ ಹುಡುಗ ಪ್ರೈಮರ್ ಒತ್ತುತ್ತಿದ್ದ. ನಾನು ಜೋಡಿ ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ ನೊರೆ ಹೋಗುವ ತನಕ ಕಾದೆ. ಗಾಡಿ ಸ್ಟಾರ್ಟ್ ಆಯಿತು. ಮಿರ್ಜಾನ ತನಕ ಹೋಗಿ ಬಂದೆವು, ಏನೂ ತೊಂದರೆ ಇಲ್ಲ. ಮರುದಿನ ಬೆಳಿಗ್ಗೆ ಮಾತ್ರ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸೋತರೂ ಎಂಜಿನ್ ಹಿಡಿಯಲಿಲ್ಲ. ಸ್ಕ್ರೂ ಸಡಿಲಿಸಿದರೆ ಮತ್ತೆ ನೊರೆ. ಹೊರಗೆ ಒಂದು ತೊಟ್ಟೂ ಸೋರಿಲ್ಲ.

ಹೊರಗೆ ಸೋರದೆ ಒಳಗೆ ಗಾಳಿ ಬಂದಿದೆ ಅಂದರೆ ತೊಂದರೆ ಎಳೆಯುವ ಬದಿಯಲ್ಲೇ ಇರಬೇಕು. ಹೊಸ ಜೋಡಣೆಗಳನ್ನೆಲ್ಲ ಮತ್ತೆ ನೋಡಿದೆವು, ಎಲ್ಲ ಬಿಗಿ ಇದ್ದವು. ಮೇಸ್ತ್ರಿಗೆ ಫೋನ್ ಮಾಡಿದಾಗ, ಫೀಡ್ ಪಂಪಿನ ಮುಂದೆ ಒಂದು ಮೊಳ ಪಾರದರ್ಶಕ ಪೈಪ್ ಹಾಕಿ ಎಂಜಿನ್ ಓಡಿಸಿ ನೋಡು ಅಂದರು. ಹಾಗೇ ಮಾಡಿದೆವು. ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಆ ಪೈಪನ್ನು ಒಂದೊಂದೇ ಜೋಡಣೆ ಹಿಂದಕ್ಕೆ ಸರಿಸುತ್ತ ಹೋದೆವು. ಹೊಸ ಫಿಲ್ಟರ್‌ಗಿಂತ ಆಚೆಗೂ ಗುಳ್ಳೆ. ಕೊನೆಗೆ ಸಿಕ್ಕಿದ್ದು ಟ್ಯಾಂಕಿನ ತಲೆಯ ಹತ್ತಿರದ ಹಳೆ ರಬ್ಬರ್ ತುಂಡು. ಕ್ಲಾಂಪಿನ ಕೆಳಗೆ ಬಿರುಕು ಬಿಟ್ಟಿತ್ತು. ಅದು ಎಷ್ಟು ಕಾಲದಿಂದ ಹಾಗಿತ್ತೋ. ಈ ಕೆಲಸ ಆದ ಮೇಲೆ ಆ ಬಿರುಕು ಬಾಯಿ ತೆರೆಯಿತು. ಹಳೆ ಗಾಡಿಗೆ ಈ ಕೆಲಸ ಮಾಡುವವರು ಟ್ಯಾಂಕಿನಿಂದ ಫೀಡ್ ಪಂಪಿನ ತನಕದ ರಬ್ಬರ್ ಪೂರ್ತಿ ಒಂದೇ ಸಲ ಬದಲಿಸುವುದು ಒಳ್ಳೆಯದು. ನಾವೂ ಅವತ್ತೇ ಎಲ್ಲ ಬದಲಿಸಿದೆವು. ಮರುದಿನ ಬೆಳಿಗ್ಗೆ ಮೊದಲ ಸೆಲ್ಫ್‌ಗೇ ಹಿಡಿಯಿತು.

ಮೊದಲ ಲೋಡ್ ಶಿರಸಿಗೆ ಇಳಿಸಿ ವಾಪಸ್ ಬಂದು ಬಟ್ಟಲು ನೋಡಿದಾಗ ನನಗೆ ಆದ ಖುಷಿ ಹೇಳಲಾರೆ. ಮೇಲೆ ಹೊಂಬಣ್ಣದ ಡೀಸೆಲ್, ತಳದಲ್ಲಿ ಬೇರೆಯೇ ಒಂದು ಪದರ, ನಡುವೆ ಗೆರೆ ಎಳೆದ ಹಾಗೆ ಗಡಿ. ಟ್ಯಾಂಕ್ ತೊಳೆದು ತುಂಬಿದ ಮೇಲೂ ಇಷ್ಟು ನೀರು! ಇಷ್ಟು ವರ್ಷ ಇದೆಲ್ಲ ಪಂಪಿನ ಕಡೆಗೇ ಹೋಗುತ್ತಿತ್ತು. ಅವತ್ತು ಡೀಸೆಲ್ ಹಾಕಿಸಿದ ಜಾಗದಲ್ಲಿ ಮುಂದಿನ ಸಲ ನೀರು ಪತ್ತೆ ಮಾಡುವ ಪೇಸ್ಟ್ ಪರೀಕ್ಷೆ ತೋರಿಸಿ ಅಂತ ಕೇಳಿದೆ. ಅಳತೆಯ ಕೋಲಿನ ತುದಿಗೆ ಆ ಪೇಸ್ಟ್ ಹಚ್ಚಿ ನೆಲದ ಟ್ಯಾಂಕಿಗೆ ಇಳಿಸುತ್ತಾರೆ, ನೀರು ತಾಗಿದಷ್ಟು ಬಣ್ಣ ಬದಲಾಗುತ್ತದೆ. ಮಳೆಗಾಲದಲ್ಲಿ ಇದನ್ನು ಕೇಳಲು ನಾಚಿಕೆ ಪಡಬಾರದು.

ಮಳೆ ಕಡಿಮೆಯಾದ ಮೇಲೆ ಎರಡನೆಯದರ ಕೆಲಸ ಹಿಡಿದೆವು. ಅದನ್ನು ಕಾಗದದ ಫಿಲ್ಟರ್ ಆದ ಮೇಲೆ, ಇನ್‌ಲೈನ್ ಪಂಪಿನ ಮುಂದೆ ಹಾಕಿದ್ದು. ದಪ್ಪದ್ದು ಮೊದಲು, ಸಪೂರದ್ದು ಕೊನೆಗೆ, ಈ ಸಾಲು ತಪ್ಪಬಾರದು. ತಪ್ಪಿದರೆ ಸಪೂರದ್ದು ದಿನಕ್ಕೊಂದು ಬೇಕು. ಇಲ್ಲಿ ಎರಡು ವಿಷಯ ಇದ್ದವು. ಒಂದು, ನಮ್ಮ ಗಾಡಿಯಲ್ಲಿ ಓವರ್‌ಫ್ಲೋ ಇರುವುದು ಜೋಡಿ ಫಿಲ್ಟರ್ ತಲೆಯಲ್ಲಿ. ಗಾಳಿ ಸಾಮಾನ್ಯವಾಗಿ ಅಲ್ಲಿಂದ ಹೊರಟು ಹೋಗುತ್ತದೆ. ಅದರ ಆಚೆಗೆ ಹಾಕಿದ ಫಿಲ್ಟರ್‌ನಲ್ಲಿ ಗಾಳಿ ಸಿಕ್ಕಿಬಿದ್ದರೆ ಹೊರಗೆ ದಾರಿ ಇಲ್ಲ, ಅದಕ್ಕೇ ಸ್ವಂತ ಏರ್ ಸ್ಕ್ರೂ ಇರುವ ತಲೆ ಬೇಕಾಗಿದ್ದು. ಎರಡು, ಈ ಡಬ್ಬಿಗೆ ಕ್ಯಾನಿನ ಡೀಸೆಲ್ ತುಂಬಿಸಿ ಹಾಕಬಾರದು. ನಡುವಿನ ತೂತಿಗೆ ಸುರಿದರೆ ಅದು ಸೋಸದ ಡೀಸೆಲ್, ಮುಂದೆ ತಡೆಯಲು ಏನೂ ಇಲ್ಲ, ನೇರ ಪ್ಲಂಜರ್‌ಗೇ. ಒಣ ಡಬ್ಬಿ ಹಾಕಿ ಪ್ರೈಮರ್‌ನಿಂದಲೇ ತುಂಬಿಸಬೇಕು. ಕೈ ಸೋಲುತ್ತದೆ, ಆದರೂ ಹಾಗೇ ಮಾಡಬೇಕು.

ಮೇಸ್ತ್ರಿಗೆ ಈ ಎರಡನೆಯದರ ಮೇಲೆ ಅಷ್ಟು ಒಪ್ಪಿಗೆ ಇರಲಿಲ್ಲ. "ಪಂಪಿಗೆ ಒತ್ತಡ ಕಮ್ಮಿ ಆದ್ರೆ ಎಂತ ಮಾಡ್ತೆ?" ಅಂದರು. ನ್ಯಾಯವಾದ ಪ್ರಶ್ನೆ. ಇನ್‌ಲೈನ್ ಪಂಪಿನೊಳಗೆ ಡೀಸೆಲ್ ತುಂಬಿ ನಿಲ್ಲುವ ಜಾಗಕ್ಕೆ (ಗ್ಯಾಲರಿ) ಫೀಡ್ ಪಂಪಿನಿಂದ ಒಂದು, ಒಂದೂವರೆ ಬಾರ್ ಒತ್ತಡ ಸಿಗುತ್ತಿರಬೇಕು, ಇಲ್ಲದಿದ್ದರೆ ಪ್ಲಂಜರ್ ಪೂರ್ತಿ ತುಂಬುವುದಿಲ್ಲ. ಸುಮ್ನೆ ವಾದ ಮಾಡುವ ಬದಲು ಅಳೆದು ನೋಡೋಣ ಅಂದೆ. ಅವರ ಹತ್ತಿರವೇ ಗೇಜ್ ಇತ್ತು. ಪಂಪಿನ ಬಾಯಲ್ಲಿ ಕೂರಿಸಿದರು. ಎಂಜಿನ್ ಜೋರಾಗಿ ಓಡಿಸಿದಾಗಲೂ ಮುಳ್ಳು ಒಂದರಿಂದ ಕೆಳಗೆ ಬರಲಿಲ್ಲ. ಅಷ್ಟಾದರೂ ನಿಂತಲ್ಲಿ ನೋಡಿದ್ದು ಸಾಲದು ಅಂತ ಗೇಜಿಗೆ ಉದ್ದ ಹೋಸ್ ಹಾಕಿ ಹೊರಗಡೆ ಕನ್ನಡಿಯ ಪಕ್ಕ ಕಟ್ಟಿ ಲೋಡ್ ಹಾಕಿಕೊಂಡೇ ಘಟ್ಟ ಹತ್ತಿದೆವು. ಮೇಸ್ತ್ರಿ ಕ್ಯಾಬಿನ್‌ನಲ್ಲಿ ಕೂತು ಮುಳ್ಳು ನೋಡುತ್ತಿದ್ದರು. ದೇವಿಮನೆ ದೇವಸ್ಥಾನದ ಹತ್ತಿರ ಇಳಿದು ಚಹಾ ಕುಡಿಯುವಾಗ "ಆಯ್ತು, ಇರಲಿ" ಅಂದರು. ಅವರ ಬಾಯಿಂದ ಅಷ್ಟು ಬಂದರೆ ಅದು ದೊಡ್ಡ ಮಾತು.

ಗಾಡಿಯ ಎಳೆತ ಜಾಸ್ತಿ ಆಯಿತಾ, ಮೈಲೇಜ್ ಬಂತಾ ಅಂತ ಬಹಳ ಜನ ಕೇಳುತ್ತಾರೆ. ಫಿಲ್ಟರ್ ಹಾಕಿದ್ದಕ್ಕೆ ಎಂಜಿನ್‌ಗೆ ಹೊಸ ತಾಕತ್ತು ಬರುವುದಿಲ್ಲ. ಮೊದಲು ಇದ್ದ ಎಳೆತ ಮಳೆಗಾಲದಲ್ಲೂ ಉಳಿದಿದೆ, ನನಗೆ ಬೇಕಾದದ್ದು ಅಷ್ಟೇ.

ಈಗಿನ ಪದ್ಧತಿ ಹೀಗಿದೆ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಬಟ್ಟಲು ನೋಡುವುದು. ರಾತ್ರಿ ನಿಂತ ಗಾಡಿಯಲ್ಲಿ ನೀರು ಚೆನ್ನಾಗಿ ಇಳಿದಿರುತ್ತದೆ. ಗೆರೆ ಕಂಡರೆ ನಲ್ಲಿ ತಿರುಗಿಸಿ ಬಾಟಲಿಗೆ ಹಿಡಿಯುವುದು. ಟ್ಯಾಂಕ್ ತುಂಬಿದ್ದರೆ ತಾನೇ ಹರಿಯುತ್ತದೆ. ಡೀಸೆಲ್ ಕೆಳಗೆ ಇಳಿದಿದ್ದರೆ ನಲ್ಲಿಯಿಂದ ಗಾಳಿ ಒಳಗೆ ಹೋಗಬಹುದು, ಆಗ ಪ್ರೈಮರ್ ಒತ್ತಿ ಏರ್ ತೆಗೆದೇ ಸ್ಟಾರ್ಟ್ ಮಾಡಬೇಕು. ಬಾಟಲಿಯ ನೀರನ್ನು ಚರಂಡಿಗೆ ಚೆಲ್ಲುವುದಿಲ್ಲ. ಇಲ್ಲಿಯ ಚರಂಡಿ ಹೋಗಿ ಸೇರುವುದು ಅಘನಾಶಿನಿ ನದಿಗೆ. ಅಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಿ ಬದುಕುವ ಮನೆಗಳಿವೆ. ಒಂದು ಕ್ಯಾನ್‌ನಲ್ಲಿ ಕೂಡಿಟ್ಟು, ಮೇಲೆ ತೇಲಿದ ಡೀಸೆಲ್ ಅನ್ನು ಬಿಡಿಭಾಗ ತೊಳೆಯಲು ಬಳಸುತ್ತೇವೆ. ಉಳಿದದ್ದು ಹಳೆ ಎಂಜಿನ್ ಆಯಿಲ್ ಒಯ್ಯುವವರ ಕೈಗೆ. ಸಂಜೆ ಗಾಡಿ ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸುತ್ತೇನೆ, ಖಾಲಿ ಜಾಗ ಇಲ್ಲದಿದ್ದರೆ ಹನಿಗಟ್ಟುವ ಗಾಳಿಯೂ ಇಲ್ಲ. ಕ್ಯಾಬಿನ್‌ನಲ್ಲಿ ನೀರಿನ ಫಿಲ್ಟರ್‌ನ ಒಂದು ಡಬ್ಬಿ, ನಾಲ್ಕು ವಾಷರ್, ಸರಿಯಾದ ಪಾನಾ ಸದಾ ಇರುತ್ತವೆ. ಬಟ್ಟೆ ಎಲೆಮೆಂಟ್ ಈಗ ಬಿಚ್ಚಿದರೆ ಲೋಳೆ ಇಲ್ಲ, ಬರೀ ಬಣ್ಣ ಕಪ್ಪಾಗಿರುತ್ತದೆ.

ಮೊನ್ನೆ ಹೊನ್ನಾವರದ ಗೆಳೆಯನೊಬ್ಬ ತನ್ನ ಹಳೆ ಪಿಕಪ್‌ಗೂ ಇದನ್ನೇ ಮಾಡಿಕೊಡು ಅಂತ ಬಂದ. ಬಾನೆಟ್ ಎತ್ತಿ ನೋಡಿದರೆ ಅದರಲ್ಲಿ ರೋಟರಿ ಪಂಪ್. ಬೇರೆ ಫೀಡ್ ಪಂಪ್ ಇಲ್ಲ, ಎಳೆಯುವ ಕೆಲಸವನ್ನೂ ಆ ಪಂಪಿನ ಒಳಗಿನ ರೆಕ್ಕೆಗಳೇ ಮಾಡುತ್ತವೆ. ಅಂದರೆ ಅವನ ಕಂಪನಿ ಫಿಲ್ಟರ್ ಕೂಡ ಎಳೆಯುವ ಬದಿಯಲ್ಲೇ ಇದೆ. ಅಲ್ಲಿ ಇನ್ನೊಂದು ಸಪೂರ ಫಿಲ್ಟರ್ ಸೇರಿಸಿದರೆ ಪಂಪಿಗೆ ಕಷ್ಟ. ಆ ಪಂಪಿನ ಒಳಭಾಗಕ್ಕೆಲ್ಲ ಡೀಸೆಲ್ಲೇ ಎಣ್ಣೆ, ನೀರು ಹೋದರೆ ಹಾನಿ ನಮ್ಮದಕ್ಕಿಂತ ಜಾಸ್ತಿ. ಹಾಗಾಗಿ ಅವನಿಗೆ 30 ಮೈಕ್ರಾನಿನ ನೀರಿನ ಫಿಲ್ಟರ್ ಒಂದೇ ಸಾಕು, ಆದರೆ ಅದು ಬೇಕೇ ಬೇಕು ಅಂತ ಹೇಳಿದೆ. ಟ್ಯಾಂಕ್ ಇಳಿಸಿ ತೊಳೆದುಕೊಂಡು, ರಬ್ಬರ್ ಪೈಪ್ ಎಲ್ಲ ಹೊಸದು ತಂದಿಟ್ಟುಕೊಂಡು ಬಾ, ಬ್ರಾಕೆಟ್ ನಾನು ಮಾಡಿಸಿಡುತ್ತೇನೆ ಅಂದಿದ್ದೇನೆ.